ವಿಚಾರಣೆ ನಡೆಸಿ, ಇಲ್ಲವೇ ಒಪ್ಪಿಸಿ

ಚಿತ್ರಹಿಂಸೆ ಕೊಟ್ಟ ಆರೋಪ ಹೊತ್ತ ವ್ಯಕ್ತಿ ತನ್ನ ನೆಲದಲ್ಲಿ ಪತ್ತೆಯಾದರೆ ಯಾವ ದೇಶವೂ ಸುಮ್ಮನೆ ಕೂರುವಂತಿಲ್ಲ. ಒಂದೋ ತನ್ನದೇ ನ್ಯಾಯಾಲಯದಲ್ಲಿ ಅವನ ಮೇಲೆ ಮೊಕದ್ದಮೆ ಹೂಡಬೇಕು, ಇಲ್ಲವೇ ಮೊಕದ್ದಮೆ ಹೂಡಲು ಸಿದ್ಧವಿರುವ ಇನ್ನೊಂದು ದೇಶಕ್ಕೆ ಅವನನ್ನು ಒಪ್ಪಿಸಬೇಕು. ಅಪರಾಧ ನಡೆದದ್ದು ಬೇರೆಲ್ಲೋ, ಆರೋಪಿ ಬೇರೆ ದೇಶದವನು, ನೊಂದವರೂ ನಮ್ಮವರಲ್ಲ ಎಂಬ ನೆಪ ನಡೆಯುವುದಿಲ್ಲ. ವಿಶ್ವಸಂಸ್ಥೆಯ ಮಹಾಸಭೆ 1984ರ ಡಿಸೆಂಬರ್ 10ರಂದು ಅಂಗೀಕರಿಸಿದ ಚಿತ್ರಹಿಂಸೆ ವಿರೋಧಿ ಒಡಂಬಡಿಕೆ ಇದನ್ನು ಕಟ್ಟಳೆಯಾಗಿಸಿತು. 1987ರ ಜೂನ್ 26ರಂದು ಅದು ಜಾರಿಗೆ ಬಂತು. ಇಂದು 170ಕ್ಕೂ ಹೆಚ್ಚು ದೇಶಗಳು ಅದಕ್ಕೆ ಬದ್ಧವಾಗಿವೆ. ಓದಲು ಇಷ್ಟು ಸರಳವಾದ ಈ ಕಟ್ಟಳೆ ಆಫ್ರಿಕಾದ ಒಬ್ಬ ಮಾಜಿ ಸರ್ವಾಧಿಕಾರಿಯ ಮೇಲೆ ನಿಜವಾಗಿ ಜಾರಿಯಾಗುವಷ್ಟರಲ್ಲಿ, ಮೊದಲ ದೂರಿನಿಂದ ತೀರ್ಪಿನವರೆಗೆ, ಹದಿನಾರು ವರ್ಷ ಹಿಡಿಯಿತು.

ಈ ವಿಚಾರಕ್ಕೆ ಹಳೆಯ ಬೇರಿದೆ. ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೋ ಗ್ರೋಷಿಯಸ್ 1625ರಲ್ಲಿ ಪ್ರಕಟಿಸಿದ ಯುದ್ಧ ಮತ್ತು ಶಾಂತಿಯ ಕಾನೂನು ಕುರಿತ ಗ್ರಂಥದಲ್ಲಿ, ಆಶ್ರಯ ಬೇಡಿ ಬಂದ ಅಪರಾಧಿಯನ್ನು ರಾಜನಾದವನು ಶಿಕ್ಷಿಸಬೇಕು ಅಥವಾ ಕೇಳಿದವರಿಗೆ ಒಪ್ಪಿಸಬೇಕು ಎಂದಿದ್ದ. ಆಮೇಲೆ ಮುನ್ನೂರು ವರ್ಷ ಅದು ಪಂಡಿತರ ಮಾತಾಗಿಯೇ ಉಳಿಯಿತು. ಎರಡನೇ ಮಹಾಯುದ್ಧದ ಬಳಿಕ, 1949ರ ಜಿನೀವಾ ಒಪ್ಪಂದಗಳು ಯುದ್ಧಕಾಲದ ಘೋರ ಅಪರಾಧಗಳ ಮಟ್ಟಿಗೆ ಅದಕ್ಕೆ ಕಾನೂನಿನ ರೂಪ ಕೊಟ್ಟವು. ಆದರೆ ಈಗ ಬಳಕೆಯಲ್ಲಿರುವ ಸೂತ್ರ ಹುಟ್ಟಿದ್ದು ವಿಮಾನ ಅಪಹರಣಗಳಿಂದ. 1960ರ ದಶಕದ ಕೊನೆಯಲ್ಲಿ ಅಪಹರಣಕಾರರು ವಿಮಾನವನ್ನು ತಮಗೆ ಒಲಿದ ದೇಶದಲ್ಲಿ ಇಳಿಸಿ ಅಲ್ಲೇ ನೆಮ್ಮದಿಯಾಗಿ ಉಳಿದುಬಿಡುತ್ತಿದ್ದರು. ಇದನ್ನು ತಡೆಯಲು 1970ರಲ್ಲಿ ಹೇಗ್ ನಗರದಲ್ಲಿ ಒಂದು ಒಪ್ಪಂದವಾಯಿತು. ಆರೋಪಿ ಸಿಕ್ಕ ದೇಶ ಅವನನ್ನು ಹಸ್ತಾಂತರಿಸದಿದ್ದರೆ, ಯಾವ ವಿನಾಯಿತಿಯನ್ನೂ ಕೊಡದೆ, ಪ್ರಕರಣವನ್ನು ತನ್ನ ಅಭಿಯೋಜಕರ ಮುಂದಿಡಬೇಕು ಎಂಬುದು ಅದರ ಸಾರ. ನಂತರ ಬಂದ ಹತ್ತಾರು ಒಪ್ಪಂದಗಳು ಇದೇ ವಾಕ್ಯವನ್ನು ಸಣ್ಣಪುಟ್ಟ ಬದಲಾವಣೆಯೊಂದಿಗೆ ಎತ್ತಿಕೊಂಡವು.

ಚಿತ್ರಹಿಂಸೆಗೂ ಅದನ್ನೇ ಅನ್ವಯಿಸುವ ಯೋಚನೆ ಗಟ್ಟಿಯಾದದ್ದು ಚಿಲಿಯಲ್ಲಿ 1973ರ ಸೇನಾ ಕ್ರಾಂತಿ ನಡೆದ ಮೇಲೆ. ಅಲ್ಲಿನ ಬಂಧನ ಕೇಂದ್ರಗಳ ಸುದ್ದಿ ಜಗತ್ತಿಗೆ ತಲುಪಿ, 1975ರಲ್ಲಿ ವಿಶ್ವಸಂಸ್ಥೆ ಒಂದು ಘೋಷಣೆ ಹೊರಡಿಸಿತು. ಘೋಷಣೆಗೆ ಹಲ್ಲಿರಲಿಲ್ಲ. ಕಟ್ಟುಪಾಡಿನ ಒಡಂಬಡಿಕೆ ಬೇಕೆಂದು 1978ರಲ್ಲಿ ಸ್ವೀಡನ್ ಕರಡೊಂದನ್ನು ಮುಂದಿಟ್ಟಿತು. ಆರು ವರ್ಷಗಳ ಚರ್ಚೆಯಲ್ಲಿ ಹೆಚ್ಚು ಜಗ್ಗಾಟ ನಡೆದದ್ದು, ಯಾರ ನೆಲದಲ್ಲಿ ಆರೋಪಿ ಸಿಕ್ಕರೂ ವಿಚಾರಣೆ ನಡೆಸುವ ಅಧಿಕಾರ ಆ ದೇಶಕ್ಕೆ ಇರಬೇಕೇ ಎಂಬ ಪ್ರಶ್ನೆಯ ಸುತ್ತಲೇ. ಅಧಿಕಾರದಲ್ಲಿದ್ದವರಿಗೆ ಅದರ ಪರಿಣಾಮ ಚೆನ್ನಾಗಿ ಅರ್ಥವಾಗಿತ್ತು.

ಒಡಂಬಡಿಕೆ ಏನು ಹೇಳುತ್ತದೆ

ಚಿತ್ರಹಿಂಸೆ ಎಂದರೆ ಏನೆಂದು ಮೊದಲ ವಿಧಿ ಹೇಳುತ್ತದೆ: ಮಾಹಿತಿ ಅಥವಾ ತಪ್ಪೊಪ್ಪಿಗೆ ಹೊರಡಿಸಲು, ಶಿಕ್ಷಿಸಲು, ಹೆದರಿಸಲು, ಇಲ್ಲವೇ ತಾರತಮ್ಯದ ಕಾರಣಕ್ಕೆ, ಬೇಕೆಂದೇ ಕೊಡುವ ತೀವ್ರ ದೈಹಿಕ ಅಥವಾ ಮಾನಸಿಕ ನೋವು. ಅದನ್ನು ಕೊಟ್ಟವನು ಸರ್ಕಾರಿ ಅಧಿಕಾರಿಯಾಗಿರಬೇಕು, ಅಥವಾ ಅಧಿಕಾರಿಯ ಪ್ರಚೋದನೆಯೋ ಸಮ್ಮತಿಯೋ ಅದರ ಹಿಂದಿರಬೇಕು. ಖಾಸಗಿ ಗೂಂಡಾ ಕೊಟ್ಟ ಏಟು ಅಪರಾಧವೇ ಹೌದು, ಆದರೆ ಈ ಒಡಂಬಡಿಕೆಯ ಅರ್ಥದಲ್ಲಿ ಚಿತ್ರಹಿಂಸೆಯಲ್ಲ. ಎರಡನೇ ವಿಧಿಯ ಪ್ರಕಾರ ಯುದ್ಧವಾಗಲಿ, ತುರ್ತು ಪರಿಸ್ಥಿತಿಯಾಗಲಿ, ಮೇಲಧಿಕಾರಿಯ ಆದೇಶವಾಗಲಿ ಸಮರ್ಥನೆಯಾಗದು.

ಆರೋಪಿಯನ್ನು ಹಿಡಿಯುವ ಯಂತ್ರ ಐದರಿಂದ ಎಂಟನೇ ವಿಧಿಗಳಲ್ಲಿದೆ. ತನ್ನ ನೆಲದಲ್ಲಿ ನಡೆದ, ತನ್ನ ಪ್ರಜೆ ಎಸಗಿದ ಕೃತ್ಯಗಳ ಮೇಲಷ್ಟೇ ಅಲ್ಲ, ಆರೋಪಿ ತನ್ನ ನೆಲದಲ್ಲಿದ್ದು ತಾನು ಅವನನ್ನು ಹಸ್ತಾಂತರಿಸದಿದ್ದಾಗಲೂ ವಿಚಾರಣಾಧಿಕಾರ ಇರುವಂತೆ ಪ್ರತಿ ದೇಶ ಕಾನೂನು ಮಾಡಿಕೊಳ್ಳಬೇಕು. ಆರೋಪಿ ಕಂಡೊಡನೆ, ಸನ್ನಿವೇಶ ಬೇಡಿದರೆ, ಅವನನ್ನು ವಶಕ್ಕೆ ತೆಗೆದುಕೊಂಡು ಪ್ರಾಥಮಿಕ ತನಿಖೆ ನಡೆಸಬೇಕು. ಆಮೇಲೆ ಏಳನೇ ವಿಧಿ: ಹಸ್ತಾಂತರಿಸದಿದ್ದರೆ ಪ್ರಕರಣವನ್ನು ಅಭಿಯೋಜನೆಗಾಗಿ ಸಕ್ಷಮ ಅಧಿಕಾರಿಗಳಿಗೆ ಒಪ್ಪಿಸಬೇಕು. ಎಂಟನೇ ವಿಧಿ ಚಿತ್ರಹಿಂಸೆಯನ್ನು ದೇಶಗಳ ನಡುವಿನ ಎಲ್ಲ ಹಸ್ತಾಂತರ ಒಪ್ಪಂದಗಳೊಳಕ್ಕೆ ತಾನಾಗಿಯೇ ಸೇರಿಸಿಬಿಡುತ್ತದೆ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಏಳನೇ ವಿಧಿ ಶಿಕ್ಷೆಯನ್ನು ಕಡ್ಡಾಯ ಮಾಡುವುದಿಲ್ಲ. ಅದು ಕೇಳುವುದು ಪ್ರಕರಣವನ್ನು ಅಭಿಯೋಜಕರ ಮುಂದಿಡುವುದನ್ನಷ್ಟೇ. ಸಾಕ್ಷ್ಯ ಸಾಲದಿದ್ದರೆ ಅವರು ಮೊಕದ್ದಮೆ ಕೈಬಿಡಬಹುದು. ಆದರೆ ಆ ತೀರ್ಮಾನ ದೇಶದಲ್ಲಿ ಕೊಲೆಯಂಥ ಗಂಭೀರ ಅಪರಾಧಕ್ಕೆ ಅನುಸರಿಸುವ ಮಾನದಂಡದಂತೆಯೇ ಆಗಬೇಕು, ವಿದೇಶಾಂಗ ಇಲಾಖೆಯ ಲೆಕ್ಕಾಚಾರದಂತಲ್ಲ. ಎರಡನೆಯದು ಮೂರನೇ ವಿಧಿ. ಚಿತ್ರಹಿಂಸೆಗೆ ಗುರಿಯಾಗುವ ಗಟ್ಟಿ ಸಾಧ್ಯತೆ ಇರುವ ದೇಶಕ್ಕೆ ಯಾರನ್ನೂ, ಚಿತ್ರಹಿಂಸೆ ಕೊಟ್ಟವನನ್ನೂ ಸಹ, ಕಳಿಸಬಾರದು. ಅಂಥ ಸಂದರ್ಭದಲ್ಲಿ ಹಸ್ತಾಂತರದ ಬಾಗಿಲು ಮುಚ್ಚಿ, ತಾನೇ ವಿಚಾರಣೆ ನಡೆಸುವುದೊಂದೇ ದಾರಿ ಉಳಿಯುತ್ತದೆ.

ಈ ಯಂತ್ರದ ಬಲ ಮೊದಲು ಗೋಚರಿಸಿದ್ದು ಲಂಡನ್ನಿನಲ್ಲಿ. ಚಿಕಿತ್ಸೆಗೆಂದು ಅಲ್ಲಿಗೆ ಹೋಗಿದ್ದ ಚಿಲಿಯ ಮಾಜಿ ಸರ್ವಾಧಿಕಾರಿ ಆಗಸ್ಟೊ ಪಿನೋಶೆಯನ್ನು ಸ್ಪೇನಿನ ನ್ಯಾಯಾಧೀಶ ಬಾಲ್ತಸಾರ್ ಗಾರ್ಸೋನ್ ಹೊರಡಿಸಿದ ವಾರಂಟಿನ ಮೇಲೆ 1998ರ ಅಕ್ಟೋಬರ್ 16ರಂದು ಬಂಧಿಸಲಾಯಿತು. ಮಾಜಿ ರಾಷ್ಟ್ರಾಧ್ಯಕ್ಷನಿಗೆ ಕಾನೂನಿನ ರಕ್ಷಣೆ ಇಲ್ಲವೇ ಎಂಬ ಪ್ರಶ್ನೆ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಮೊದಲ ತೀರ್ಪನ್ನು ಕೊಟ್ಟ ಪೀಠದಲ್ಲಿದ್ದ ಒಬ್ಬ ನ್ಯಾಯಮೂರ್ತಿಗೆ ಪ್ರಕರಣದಲ್ಲಿ ವಾದಿಸಿದ್ದ ಆಮ್ನೆಸ್ಟಿ ಸಂಸ್ಥೆಯ ನಂಟಿದ್ದುದು ಬೆಳಕಿಗೆ ಬಂದು ಆ ತೀರ್ಪು ರದ್ದಾಯಿತು. 1999ರ ಮಾರ್ಚ್ 24ರಂದು ಹೊಸ ಪೀಠ, ಆರು–ಒಂದರ ಬಹುಮತದಿಂದ, ರಕ್ಷಣೆ ಇಲ್ಲ ಎಂದಿತು. ಎಲ್ಲ ದೇಶಗಳೂ ಸೇರಿ ಅಪರಾಧವೆಂದು ಒಪ್ಪಿದ್ದನ್ನು ರಾಷ್ಟ್ರಾಧ್ಯಕ್ಷನ ಅಧಿಕೃತ ಕರ್ತವ್ಯವೆಂದು ಕರೆಯಲಾಗದು ಎಂಬುದು ವಾದದ ತಿರುಳು. ಆದರೂ ಬ್ರಿಟನ್ ಒಡಂಬಡಿಕೆಗೆ ಸೇರುವ ಮುಂಚಿನ, ಅಂದರೆ ಸರ್ವಾಧಿಕಾರದ ಅತಿ ಕ್ರೂರ ವರ್ಷಗಳ, ಬಹುತೇಕ ಆರೋಪಗಳು ಲೆಕ್ಕಕ್ಕೆ ಬರಲಿಲ್ಲ. ಕೊನೆಗೆ ಗೃಹ ಸಚಿವ ಜಾಕ್ ಸ್ಟ್ರಾ ಅನಾರೋಗ್ಯದ ಕಾರಣ ಕೊಟ್ಟು 2000ದ ಮಾರ್ಚ್ 2ರಂದು ಪಿನೋಶೆಯನ್ನು ಮನೆಗೆ ಕಳಿಸಿದರು. ಸ್ಯಾಂಟಿಯಾಗೊ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಿಂದ ಎದ್ದು ನಿಂತ ಆತ ಬೆಂಬಲಿಗರತ್ತ ನಡೆದದ್ದನ್ನು ಜಗತ್ತೆಲ್ಲ ಟಿವಿಯಲ್ಲಿ ನೋಡಿತು.

ಎನ್‌ಜಮೇನಾದ ಈಜುಕೊಳ

ಪಿನೋಶೆ ಬಂಧನವನ್ನು ಕಣ್ಣರಳಿಸಿ ನೋಡಿದವರಲ್ಲಿ ಮಧ್ಯ ಆಫ್ರಿಕಾದ ಬಡ ದೇಶ ಚಾಡ್‌ನ ಕೆಲವರಿದ್ದರು. ಹಿಸ್ಸೆನ್ ಹಬ್ರೆ ಅಲ್ಲಿ 1982ರ ಜೂನ್‌ನಿಂದ 1990ರ ಡಿಸೆಂಬರ್ 1ರವರೆಗೆ ಆಳಿದ್ದ. ಲಿಬಿಯಾದ ಗಡಾಫಿಯ ವಿರುದ್ಧ ಅವನು ಒಳ್ಳೆಯ ಗೋಡೆ ಎಂದು ಅಮೆರಿಕ ಮತ್ತು ಫ್ರಾನ್ಸ್ ಹಣ, ಶಸ್ತ್ರ ಎರಡನ್ನೂ ಸುರಿದವು. 1987ರ ಜೂನ್‌ನಲ್ಲಿ ಅಧ್ಯಕ್ಷ ರೇಗನ್ ಅವನನ್ನು ಶ್ವೇತಭವನದಲ್ಲಿ ಬರಮಾಡಿಕೊಂಡರು. ಚಿತ್ರಹಿಂಸೆ ವಿರೋಧಿ ಒಡಂಬಡಿಕೆ ಜಾರಿಗೆ ಬಂದದ್ದೂ ಅದೇ ತಿಂಗಳು.

ಹಬ್ರೆಯ ರಾಜಕೀಯ ಪೊಲೀಸ್ ಪಡೆಗೆ ‘ದಾಖಲೆ ಮತ್ತು ಭದ್ರತಾ ನಿರ್ದೇಶನಾಲಯ’ ಎಂಬ ಸಾಧು ಹೆಸರು. ಫ್ರೆಂಚ್ ಹೆಸರಿನ ಮೊದಲಕ್ಷರಗಳಲ್ಲಿ ಡಿಡಿಎಸ್. ಅದು ನೇರವಾಗಿ ಅಧ್ಯಕ್ಷನಿಗೇ ವರದಿ ಒಪ್ಪಿಸುತ್ತಿತ್ತು. ರಾಜಧಾನಿ ಎನ್‌ಜಮೇನಾದಲ್ಲಿ ವಸಾಹತು ಕಾಲದಲ್ಲಿ ಫ್ರೆಂಚ್ ಸೈನಿಕರ ಕುಟುಂಬಗಳಿಗಾಗಿ ಕಟ್ಟಿದ್ದ ಈಜುಕೊಳವೊಂದಿತ್ತು. ಡಿಡಿಎಸ್ ಅದರ ಮೇಲೆ ಕಾಂಕ್ರೀಟ್ ಹಾಸಿ, ಒಳಗೆ ಗೋಡೆ ಎಬ್ಬಿಸಿ, ನೆಲಮಾಳಿಗೆಯ ಹತ್ತು ಕೋಣೆಗಳ ಜೈಲು ಮಾಡಿತು. ಜನ ಅದನ್ನು ‘ಪಿಸೀನ್’, ಅಂದರೆ ಈಜುಕೊಳ ಎಂದೇ ಕರೆದರು. ಮರುಭೂಮಿಯ ಸೆಕೆಯಲ್ಲಿ ಗಾಳಿಯಿಲ್ಲದ ಆ ಗುಂಡಿಗಳಲ್ಲಿ ಕೈದಿಗಳನ್ನು ತುಂಬಲಾಗುತ್ತಿತ್ತು. ಕೈಕಾಲುಗಳನ್ನು ಬೆನ್ನ ಹಿಂದೆ ಸೇರಿಸಿ ರಕ್ತ ಓಡದಂತೆ ಬಿಗಿಯುವ ‘ಅರ್ಬತಶಾರ್’ ಎಂಬ ಹಿಂಸೆ ಅಲ್ಲಿನ ದಿನಚರಿ. ಹಬ್ರೆ ಓಡಿಹೋದ ಮೇಲೆ ಚಾಡ್‌ನ ತನಿಖಾ ಆಯೋಗವು 1992ರ ವರದಿಯಲ್ಲಿ ಸತ್ತವರ ಸಂಖ್ಯೆ ಸುಮಾರು 40,000 ಎಂದು ಅಂದಾಜು ಮಾಡಿತು. ಓಡುವ ಮುನ್ನ ಅವನು ಖಜಾನೆ ಬರಿದು ಮಾಡಿಕೊಂಡು ಹೋದ ಎಂದೂ ಆಯೋಗ ಬರೆಯಿತು. ಕ್ಯಾಮರೂನ್ ಹಾದು ಅವನು ಸೇರಿದ್ದು ಸೆನೆಗಲ್‌ನ ರಾಜಧಾನಿ ಡಕಾರ್. ಸಮುದ್ರದ ಗಾಳಿ, ಒಳ್ಳೆಯ ಮನೆ, ಪ್ರಭಾವಿಗಳ ಒಡನಾಟ. ಅಲ್ಲಿ ಅವನಿಗೆ ಕೊರತೆಯಿರಲಿಲ್ಲ.

ಸುಲೇಮಾನ್ ಗೆಂಗೆಂಗ್ ಎಂಬ ಗುಮಾಸ್ತ ವೃತ್ತಿಯ ವ್ಯಕ್ತಿ ಈ ಜೈಲುಗಳಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಳೆದಿದ್ದರು. ಜೀವಸಹಿತ ಹೊರಬಂದರೆ ನ್ಯಾಯ ಕೇಳುತ್ತೇನೆಂದು ಒಳಗಿದ್ದಾಗಲೇ ದೇವರ ಮುಂದೆ ಪಣ ತೊಟ್ಟಿದ್ದರಂತೆ. ಹೊರಬಂದವರು ಸಂತ್ರಸ್ತರ ಸಂಘ ಕಟ್ಟಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು 792 ಹೇಳಿಕೆಗಳನ್ನು ಬರೆದುಕೊಂಡರು. ಹಬ್ರೆಯ ಹಳೆಯ ಪೊಲೀಸರು ಹೊಸ ಸರ್ಕಾರದಲ್ಲೂ ಕುರ್ಚಿ ಹಿಡಿದಿದ್ದರಿಂದ ಆ ಕಡತಗಳನ್ನು ವರ್ಷಗಟ್ಟಲೆ ಮನೆಯಲ್ಲಿ ಬಚ್ಚಿಡಬೇಕಾಯಿತು. ಚಾಡ್‌ನ ವಕೀಲೆ ಜಾಕ್ಲಿನ್ ಮುದೈನಾ ಮತ್ತು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ರೀಡ್ ಬ್ರೋಡಿ ಜೊತೆಯಾದರು. 2001ರಲ್ಲಿ ಎನ್‌ಜಮೇನಾದ ಮೆರವಣಿಗೆಯೊಂದರಲ್ಲಿ ಪೊಲೀಸರು ಎಸೆದ ಗ್ರೆನೇಡಿನಿಂದ ಮುದೈನಾ ಅವರ ಕಾಲಿಗೆ ತೀವ್ರ ಗಾಯವಾಯಿತು. ಅದೇ ವರ್ಷ ಪಾಳುಬಿದ್ದಿದ್ದ ಡಿಡಿಎಸ್ ಕಚೇರಿಯಲ್ಲಿ ಧೂಳಿನಡಿ ಸಾವಿರಾರು ದಾಖಲೆಗಳು ಸಿಕ್ಕವು: ಬಂಧಿತರ ಪಟ್ಟಿ, ವಿಚಾರಣೆಯ ಟಿಪ್ಪಣಿ, ಮರಣ ಪತ್ರ. ಅವುಗಳಲ್ಲಿ 12,321 ಸಂತ್ರಸ್ತರ ಹೆಸರಿತ್ತು. ಬಂಧನದಲ್ಲೇ ಸತ್ತವರು 1,208. ಅಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಟ್ಟಿದ್ದ ಕಚೇರಿ, ಅದು ಎಂದಾದರೂ ತಿರುಗಿ ಬೀಳಬಹುದೆಂದು ಎಣಿಸಿದಂತಿಲ್ಲ.

ಡಕಾರ್‌ನ ಸುತ್ತಾಟ

2000ದ ಜನವರಿಯಲ್ಲಿ ಏಳು ಮಂದಿ ಚಾಡಿಯನ್ನರು ಡಕಾರ್‌ನಲ್ಲಿ ದೂರು ಕೊಟ್ಟರು. ಫೆಬ್ರವರಿ 3ರಂದು ತನಿಖಾ ನ್ಯಾಯಾಧೀಶ ಡೆಂಬಾ ಕಾಂಜಿ ಚಿತ್ರಹಿಂಸೆಗೆ ನೆರವಾದ ಆರೋಪವನ್ನು ಹಬ್ರೆಯ ಮೇಲೆ ಹೊರಿಸಿ ಗೃಹಬಂಧನದಲ್ಲಿಟ್ಟರು. ಮಾಜಿ ರಾಷ್ಟ್ರಾಧ್ಯಕ್ಷನೊಬ್ಬನ ಮೇಲೆ ಇನ್ನೊಂದು ಆಫ್ರಿಕನ್ ದೇಶದ ನ್ಯಾಯಾಲಯ ಹೀಗೆ ಕೈಯಿಟ್ಟದ್ದು ಅದೇ ಮೊದಲು. ಅಷ್ಟರಲ್ಲಿ ಸೆನೆಗಲ್‌ನಲ್ಲಿ ಚುನಾವಣೆ ನಡೆದು ಅಬ್ದುಲಾಯೆ ವಾಡ್ ಅಧ್ಯಕ್ಷರಾದರು. ನ್ಯಾಯಾಧೀಶರ ವರ್ಗವಾಯಿತು. ಭಾರತದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜುಲೈನಲ್ಲಿ ಮೇಲ್ಮನವಿ ಪೀಠ ಆರೋಪ ರದ್ದುಪಡಿಸಿತು, 2001ರ ಮಾರ್ಚ್ 20ರಂದು ದೇಶದ ಅತ್ಯುಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೊಟ್ಟ ಕಾರಣ: ಒಡಂಬಡಿಕೆಗೆ ಸೆನೆಗಲ್ 1986ರಲ್ಲೇ ಸೇರಿದ್ದರೂ, ವಿದೇಶದಲ್ಲಿ ವಿದೇಶಿಯೊಬ್ಬ ಎಸಗಿದ ಚಿತ್ರಹಿಂಸೆಯನ್ನು ವಿಚಾರಿಸಲು ಬೇಕಾದ ತಿದ್ದುಪಡಿಯನ್ನು ತನ್ನ ಕಾನೂನಿಗೆ ತಂದಿಲ್ಲ. ಸರ್ಕಾರ ಹದಿನೈದು ವರ್ಷ ಮಾಡದೆ ಬಿಟ್ಟ ಕೆಲಸವೇ ಆರೋಪಿಗೆ ಗುರಾಣಿಯಾಯಿತು.

ಸಂತ್ರಸ್ತರು ಬೆಲ್ಜಿಯಂ ಕದ ತಟ್ಟಿದರು. ಜಗತ್ತಿನ ಯಾವ ಮೂಲೆಯ ಯುದ್ಧಾಪರಾಧವನ್ನಾದರೂ ವಿಚಾರಿಸಬಲ್ಲ ಕಾನೂನನ್ನು ಆ ಸಣ್ಣ ದೇಶ 1993ರಲ್ಲಿ ಮಾಡಿಕೊಂಡಿತ್ತು. ಅಮೆರಿಕ, ಇಸ್ರೇಲ್‌ಗಳ ನಾಯಕರ ಮೇಲೂ ದೂರು ಬೀಳತೊಡಗಿದಾಗ, ನೇಟೊ ಕೇಂದ್ರ ಕಚೇರಿಯನ್ನೇ ಬ್ರಸೆಲ್ಸ್‌ನಿಂದ ಎತ್ತಬೇಕಾದೀತು ಎಂದು ಅಮೆರಿಕದ ರಕ್ಷಣಾ ಸಚಿವರು ಗದರಿದ್ದೇ ತಡ, 2003ರಲ್ಲಿ ಬೆಲ್ಜಿಯಂ ಆ ಕಾನೂನಿನ ಹಲ್ಲು ಕಿತ್ತಿತು. ಹಬ್ರೆ ಪ್ರಕರಣ ಅಷ್ಟರಲ್ಲಿ ತನಿಖೆಯಲ್ಲಿ ಮುಂದುವರಿದಿತ್ತು, ದೂರುದಾರರಲ್ಲಿ ಬೆಲ್ಜಿಯಂ ಪ್ರಜೆಗಳೂ ಇದ್ದರು. ಹೀಗಾಗಿ ಅದೊಂದು ಬಚಾವಾಯಿತು. ನ್ಯಾಯಾಧೀಶ ಡೇನಿಯಲ್ ಫ್ರಾನ್ಸೆನ್ ಚಾಡ್‌ಗೆ ಹೋಗಿ ಜೈಲುಗಳನ್ನು ನೋಡಿಬಂದರು. ಚಾಡ್ ಸರ್ಕಾರವೇ ಹಬ್ರೆಗಿದ್ದ ಕಾನೂನು ರಕ್ಷಣೆಯನ್ನು ಹಿಂತೆಗೆದುಕೊಂಡಿತು. 2005ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸೆನ್ ಅಂತರರಾಷ್ಟ್ರೀಯ ವಾರಂಟ್ ಹೊರಡಿಸಿದರು, ಬೆಲ್ಜಿಯಂ ಹಸ್ತಾಂತರ ಕೋರಿತು.

ಅಲ್ಲಿಂದ ಏಳು ವರ್ಷ ಸೆನೆಗಲ್ ನಡೆಸಿದ್ದು ಹಾವೂ ಸಾಯದ, ಕೋಲೂ ಮುರಿಯದ ಆಟ. ಡಕಾರ್‌ನ ನ್ಯಾಯಾಲಯ, ರಾಷ್ಟ್ರಾಧ್ಯಕ್ಷನ ಹಸ್ತಾಂತರ ತನ್ನ ವ್ಯಾಪ್ತಿಗೆ ಬಾರದು ಎಂದಿತು. ವಾಡ್ ವಿಷಯವನ್ನು ಆಫ್ರಿಕನ್ ಒಕ್ಕೂಟಕ್ಕೆ ಸಾಗಹಾಕಿದರು. 2006ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಸಮಿತಿ, ಸೆನೆಗಲ್ ಒಡಂಬಡಿಕೆ ಮುರಿದಿದೆ ಎಂದು ಹೇಳಿತು. ಜುಲೈನಲ್ಲಿ ಒಕ್ಕೂಟವು ಆಫ್ರಿಕಾದ ಪರವಾಗಿ ನೀವೇ ವಿಚಾರಣೆ ನಡೆಸಿ ಎಂದು ಹೊಣೆಯನ್ನು ತಿರುಗಿ ಸೆನೆಗಲ್‌ಗೇ ಕೊಟ್ಟಿತು. 2007–08ರಲ್ಲಿ ಕಾನೂನು, ಸಂವಿಧಾನ ಎರಡಕ್ಕೂ ತಿದ್ದುಪಡಿ ಬಂತು. ಆಮೇಲೆ ಹಣವಿಲ್ಲ ಎಂಬ ರಾಗ. ದಾನಿ ದೇಶಗಳು 2010ರಲ್ಲಿ 86 ಲಕ್ಷ ಯೂರೊ ಕೂಡಿಸಿಕೊಟ್ಟವು. ಅದೇ ವರ್ಷ ಪಶ್ಚಿಮ ಆಫ್ರಿಕಾ ದೇಶಗಳ ಸಮುದಾಯದ ನ್ಯಾಯಾಲಯ, ಹಬ್ರೆಯ ಅರ್ಜಿಯ ಮೇಲೆ, ಹೊಸ ಕಾನೂನನ್ನು ಹಳೆಯ ಕೃತ್ಯಕ್ಕೆ ಹಚ್ಚುವಂತಿಲ್ಲ, ಅಂತರರಾಷ್ಟ್ರೀಯ ಸ್ವರೂಪದ ವಿಶೇಷ ನ್ಯಾಯಾಲಯವೇ ಆಗಬೇಕು ಎಂದು ತೀರ್ಪಿತ್ತು ಇನ್ನೊಂದು ಗಂಟು ಹಾಕಿತು. 2011ರ ಜುಲೈನಲ್ಲಿ ವಾಡ್ ಇದ್ದಕ್ಕಿದ್ದಂತೆ ಹಬ್ರೆಯನ್ನು ಚಾಡ್‌ಗೇ ಕಳಿಸುವುದಾಗಿ ಸಾರಿದರು. ಅವನ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿದ್ದ ದೇಶ ಅದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ನವಿ ಪಿಳ್ಳೈ ಮನವಿ ಮಾಡಿದ ಮೇಲೆ ಎರಡೇ ದಿನದಲ್ಲಿ ಮಾತು ಹಿಂದಕ್ಕೆ ಹೋಯಿತು.

ಹೇಗ್ ತೀರ್ಪು

ಬೆಲ್ಜಿಯಂ 2009ರ ಫೆಬ್ರವರಿ 19ರಂದೇ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿತ್ತು. 2012ರ ಜುಲೈ 20ರ ತೀರ್ಪು ಈ ವಿಷಯದಲ್ಲಿ ಇವತ್ತಿಗೂ ಆಧಾರಗ್ರಂಥವಿದ್ದಂತೆ. ಚಾಡ್‌ನಲ್ಲಿ ನಡೆದ ಹಿಂಸೆಗೆ ಬೆಲ್ಜಿಯಂ ಏಕೆ ನ್ಯಾಯಾಲಯದ ಮೆಟ್ಟಿಲು ಏರಬೇಕು ಎಂಬುದು ಮೊದಲ ಪ್ರಶ್ನೆ. ದೂರುದಾರರಲ್ಲಿ ತನ್ನ ಪ್ರಜೆಗಳಿದ್ದಾರೆ ಎಂಬ ಬೆಲ್ಜಿಯಂ ವಾದವನ್ನು ನ್ಯಾಯಾಲಯ ಮುಟ್ಟಲೇ ಇಲ್ಲ. ಅದರ ಅಗತ್ಯವಿಲ್ಲ ಎಂದಿತು. ಒಡಂಬಡಿಕೆಯ ಪಾಲನೆಯಲ್ಲಿ ಅದಕ್ಕೆ ಸೇರಿದ ಎಲ್ಲ ದೇಶಗಳಿಗೂ ಸಮಾನ ಹಿತವಿದೆ, ಆದ್ದರಿಂದ ಯಾವ ಸದಸ್ಯ ದೇಶವಾದರೂ ಇನ್ನೊಂದನ್ನು ಪ್ರಶ್ನಿಸಬಹುದು. ತೀರ್ಪಿನ ಅತಿ ದೂರಗಾಮಿ ಮಾತು ಇದೇ. ಊರಿಗೆಲ್ಲ ಸೇರಿದ ಕೆರೆಯ ಏರಿ ಒಡೆದರೆ ಕೇಳಲು ನೀರಿನ ಪಾಲುದಾರನಾಗಿದ್ದರೆ ಸಾಕು, ಅವನ ಗದ್ದೆಯೇ ಮುಳುಗಬೇಕಿಲ್ಲ.

ಎರಡನೆಯದಾಗಿ, ವಿಚಾರಣೆ ಮತ್ತು ಹಸ್ತಾಂತರ ಎರಡೂ ಒಂದೇ ತೂಕದ ಆಯ್ಕೆಗಳಲ್ಲ ಎಂದು ನ್ಯಾಯಾಲಯ ಬಿಡಿಸಿತು. ವಿಚಾರಣೆಗೆ ಒಪ್ಪಿಸುವುದು ಕರ್ತವ್ಯ, ಅದನ್ನು ತಪ್ಪಿದರೆ ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ. ಹಸ್ತಾಂತರವಾದರೋ ಆ ಕರ್ತವ್ಯದಿಂದ ಬಿಡುಗಡೆ ಪಡೆಯಲು ಇರುವ ಅನುಕೂಲ ಮಾತ್ರ. ಯಾರೂ ಹಸ್ತಾಂತರ ಕೇಳದಿದ್ದರೂ ಕರ್ತವ್ಯ ಇದ್ದೇ ಇರುತ್ತದೆ. ಅದು ಹುಟ್ಟುವುದು ಹಸ್ತಾಂತರದ ಕೋರಿಕೆ ಬಂದ ದಿನದಿಂದಲ್ಲ, ಆರೋಪಿ ತನ್ನ ನೆಲದಲ್ಲಿದ್ದಾನೆಂದು ಗೊತ್ತಾದಾಗಿನಿಂದ. ಆದ್ದರಿಂದ ಸೆನೆಗಲ್ ತಡವಾದದ್ದು 2005ರಿಂದಲ್ಲ, ಮೊದಲ ದೂರು ಬಂದ 2000ದಿಂದ. ಹಣದ ಕೊರತೆ, ಪ್ರಾದೇಶಿಕ ನ್ಯಾಯಾಲಯದ ತೀರ್ಪು, ಆಫ್ರಿಕನ್ ಒಕ್ಕೂಟಕ್ಕೆ ಒಪ್ಪಿಸಿದ್ದೇವೆಂಬ ವಿವರಣೆ, ಯಾವುದೂ ನಿಲ್ಲಲಿಲ್ಲ. ಹಸ್ತಾಂತರಿಸದಿದ್ದರೆ ಇನ್ನು ತಡಮಾಡದೆ ಪ್ರಕರಣವನ್ನು ಅಭಿಯೋಜನೆಗೆ ಒಪ್ಪಿಸಬೇಕು ಎಂದು ನ್ಯಾಯಮೂರ್ತಿಗಳು ಒಮ್ಮತದಿಂದ ಆದೇಶಿಸಿದರು.

ತೀರ್ಪಿಗೆ ಒಂದು ಮಿತಿಯೂ ಇದೆ. ಚಿತ್ರಹಿಂಸೆಯ ನಿಷೇಧ ಯಾವ ಒಪ್ಪಂದವೂ ಮೀರಲಾಗದ ಪರಮ ನಿಯಮ ಎಂದು ನ್ಯಾಯಾಲಯ ಒಪ್ಪಿತು. ಆದರೆ ವಿಚಾರಣೆ ನಡೆಸುವ ಕರ್ತವ್ಯ ಒಡಂಬಡಿಕೆಯಿಂದ ಬಂದದ್ದಾದ್ದರಿಂದ, ಅದು ಸೆನೆಗಲ್ ಪಾಲಿಗೆ ಜಾರಿಗೆ ಬಂದ 1987ರ ಜೂನ್ 26ರ ನಂತರದ ಕೃತ್ಯಗಳಿಗಷ್ಟೇ ಕಡ್ಡಾಯ ಎಂದಿತು. ಹಳೆಯದನ್ನು ವಿಚಾರಿಸಲು ಅಡ್ಡಿಯಿಲ್ಲ, ಬಲವಂತವೂ ಇಲ್ಲ. ನಿಷೇಧವನ್ನು ಪರಮ ಎಂದು ಕರೆದು, ಅದನ್ನು ಮುರಿದವನನ್ನು ಹಿಡಿಯುವ ಹೊಣೆಗೆ ಮಾತ್ರ ದಿನಾಂಕ ಹಾಕುವುದು ಸ್ವಲ್ಪ ಇಕ್ಕಟ್ಟಿನ ತರ್ಕವೇ. ಒಡಂಬಡಿಕೆಗೆ ಸೇರದ ದೇಶಗಳಿಗೂ ಈ ಕರ್ತವ್ಯ ರೂಢಿಗತ ಕಾನೂನಾಗಿ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ತೀರ್ಪಿನಲ್ಲಿ ಉತ್ತರವಿಲ್ಲ.

2012ರ ಮಾರ್ಚ್‌ನ ಚುನಾವಣೆಯಿಂದಲೇ ಸೆನೆಗಲ್‌ನಲ್ಲಿ ಸರ್ಕಾರ ಬದಲಾಗಿತ್ತು. ಹೊಸ ಅಧ್ಯಕ್ಷ ಮ್ಯಾಕಿ ಸಾಲ್ ಹಸ್ತಾಂತರದ ಬದಲು ವಿಚಾರಣೆಯ ದಾರಿ ಹಿಡಿದರು. ಹೇಗ್ ತೀರ್ಪು ಬಂದ ತಿಂಗಳೊಪ್ಪತ್ತಿನಲ್ಲಿ ಆಫ್ರಿಕನ್ ಒಕ್ಕೂಟದ ಜೊತೆ ಒಪ್ಪಂದವಾಗಿ, ಡಕಾರ್‌ನ ನ್ಯಾಯ ವ್ಯವಸ್ಥೆಯೊಳಗೇ ‘ಆಫ್ರಿಕನ್ ವಿಶೇಷ ಪೀಠಗಳು’ ರೂಪುಗೊಂಡವು. 2013ರ ಜೂನ್ 30ರಂದು ಹಬ್ರೆಯ ಬಂಧನವಾಯಿತು, 2015ರ ಜುಲೈ 20ರಂದು ವಿಚಾರಣೆ ಶುರುವಾಯಿತು. ನ್ಯಾಯಾಲಯವನ್ನೇ ಒಪ್ಪದ ಹಬ್ರೆ ಕೂಗಾಡಿದ, ಅವನ ವಕೀಲರು ಬರಲಿಲ್ಲ. ಪೀಠ ಬೇರೆ ವಕೀಲರನ್ನು ನೇಮಿಸಿ, ಅವರು ಕಡತ ಓದಿಕೊಳ್ಳಲು 45 ದಿನ ಕೊಟ್ಟಿತು. ಆಮೇಲೆ ಅವನನ್ನು ಸಿಬ್ಬಂದಿ ಹಿಡಿದು ತಂದು ಕೂರಿಸಬೇಕಾಯಿತು. ಬಿಳಿ ಪೇಟ, ಕಪ್ಪು ಕನ್ನಡಕ, ತಿಂಗಳುಗಟ್ಟಲೆ ಮೌನ. ಅವನೆದುರು ಸುಮಾರು ತೊಂಬತ್ತು ಸಾಕ್ಷಿಗಳು ಮಾತಾಡಿದರು. ಮರುಭೂಮಿಯ ಸೇನಾ ಶಿಬಿರವೊಂದಕ್ಕೆ ಸೈನಿಕರ ಲೈಂಗಿಕ ಗುಲಾಮಗಿರಿಗಾಗಿ ಸಾಗಿಸಲ್ಪಟ್ಟಿದ್ದ ಮಹಿಳೆಯರು ದಶಕಗಳ ಬಳಿಕ ಮೊದಲ ಸಲ ಬಾಯಿಬಿಟ್ಟದ್ದು ಅಲ್ಲೇ.

2016ರ ಮೇ 30ರಂದು ಬುರ್ಕಿನಾ ಫಾಸೊದ ನ್ಯಾಯಮೂರ್ತಿ ಗುಸ್ತಾವ್ ಕಾಮ್ ಅವರ ಪೀಠ ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ ಮತ್ತು ಚಿತ್ರಹಿಂಸೆಗಾಗಿ ಹಬ್ರೆಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರುವರ್ಷ ಏಪ್ರಿಲ್‌ನಲ್ಲಿ ಮೇಲ್ಮನವಿ ಪೀಠ, ಸ್ವತಃ ಅತ್ಯಾಚಾರ ಎಸಗಿದ ಒಂದು ಆರೋಪವನ್ನು ಮಾತ್ರ ಕೈಬಿಟ್ಟು, ಶಿಕ್ಷೆಯನ್ನು ಖಾಯಂ ಮಾಡಿತು. 7,396 ಸಂತ್ರಸ್ತರಿಗೆ ಸುಮಾರು 8,200 ಕೋಟಿ ಸಿಎಫ್‌ಎ ಫ್ರಾಂಕ್ ಪರಿಹಾರವೆಂದು ನಿಗದಿಯಾಯಿತು. ಹಣ ಕೈಗೆ ಸಿಗದೆ ವರ್ಷಗಳು ಉರುಳಿದವು, ಹಲವರು ಕಾಯುತ್ತಲೇ ತೀರಿಹೋದರು. ಹಬ್ರೆ 2021ರ ಆಗಸ್ಟ್ 24ರಂದು ಕೋವಿಡ್‌ನಿಂದ ಡಕಾರ್‌ನಲ್ಲಿ ಸತ್ತ.

ಹಿಡಿದವರು, ಬಿಟ್ಟವರು

ಈಚಿನ ವರ್ಷಗಳಲ್ಲಿ ಇಂಥ ಮೊಕದ್ದಮೆಗಳು ಯುರೋಪಿನಲ್ಲಿ ಹೆಚ್ಚಿವೆ. ಸಿರಿಯಾದ ಗುಪ್ತಚರ ಅಧಿಕಾರಿಯಾಗಿದ್ದ ಅನ್ವರ್ ರಸ್ಲಾನ್ ಆಶ್ರಯ ಕೋರಿ ಜರ್ಮನಿ ಸೇರಿದ್ದ. ಡಮಾಸ್ಕಸ್‌ನ ಅಲ್ ಖತೀಬ್ ಬಂಧನ ಕೇಂದ್ರದಲ್ಲಿ ಅವನ ಕೈಕೆಳಗೆ ನರಳಿದ್ದವರೂ ನಿರಾಶ್ರಿತರಾಗಿ ಅಲ್ಲಿಗೇ ಬಂದಿದ್ದರು. 2022ರ ಜನವರಿ 13ರಂದು ಕೊಬ್ಲೆನ್ಸ್ ನಗರದ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಗ್ಯಾಂಬಿಯಾದ ಮಾಜಿ ಗೃಹ ಸಚಿವ ಉಸ್ಮಾನ್ ಸೋಂಕೊಗೆ ಸ್ವಿಟ್ಜರ್ಲೆಂಡ್ 2024ರಲ್ಲಿ 20 ವರ್ಷ ವಿಧಿಸಿತು. ಹೇಗ್ ತೀರ್ಪು ತೆರೆದ ಬಾಗಿಲಿನಿಂದಲೇ 2023ರಲ್ಲಿ ಕೆನಡಾ ಮತ್ತು ನೆದರ್‌ಲ್ಯಾಂಡ್ಸ್ ಸಿರಿಯಾ ದೇಶವನ್ನೇ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆದವು.

ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಒಂದು ಸಾಮ್ಯ ಎದ್ದು ಕಾಣುತ್ತದೆ: ಹೆಚ್ಚಿನವರು ಅಧಿಕಾರ ಕಳೆದುಕೊಂಡವರು, ಬಡ ಅಥವಾ ಒಂಟಿ ದೇಶಗಳವರು. ಹಾಲಿ ವಿದೇಶಾಂಗ ಸಚಿವರಿಗೆ ಇನ್ನೊಂದು ದೇಶದ ನ್ಯಾಯಾಲಯದಿಂದ ಪೂರ್ಣ ರಕ್ಷಣೆಯಿದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯವೇ 2002ರಲ್ಲಿ ಕಾಂಗೊ ಮತ್ತು ಬೆಲ್ಜಿಯಂ ಪ್ರಕರಣದಲ್ಲಿ ಹೇಳಿದೆ. ಅಮೆರಿಕದ ಗುಪ್ತಚರ ಸಂಸ್ಥೆ 2001ರ ನಂತರ ತನ್ನ ರಹಸ್ಯ ಬಂಧನ ಕೇಂದ್ರಗಳಲ್ಲಿ ನಡೆಸಿದ್ದಕ್ಕೆ, ಅದನ್ನು ಅನುಮೋದಿಸಿದ ದೊಡ್ಡವರಲ್ಲಿ ಯಾರೂ ಎಲ್ಲೂ ಕಟಕಟೆ ಹತ್ತಲಿಲ್ಲ. ಮಿಲಾನ್ ಬೀದಿಯಿಂದ ಈಜಿಪ್ಟಿನ ಧರ್ಮಗುರುವೊಬ್ಬರನ್ನು ಅಪಹರಿಸಿ ಕೈರೊಗೆ ಸಾಗಿಸಿದ್ದಕ್ಕೆ ಇಟಲಿಯ ನ್ಯಾಯಾಲಯ 2009ರಲ್ಲಿ 23 ಅಮೆರಿಕನ್ನರನ್ನು ಗೈರುಹಾಜರಿಯಲ್ಲಿ ಶಿಕ್ಷಿಸಿತು ನಿಜ, ಆದರೆ ಅವರೆಲ್ಲರೂ ಆಗಲೇ ದೇಶ ಬಿಟ್ಟಾಗಿತ್ತು.

ಭಾರತ ನಿಂತಿರುವ ಜಾಗ

ಭಾರತ ಈ ಒಡಂಬಡಿಕೆಗೆ 1997ರ ಅಕ್ಟೋಬರ್ 14ರಂದು ಸಹಿ ಹಾಕಿದೆ, ಸ್ಥಿರೀಕರಿಸಿಲ್ಲ. ಆದ್ದರಿಂದ ಏಳನೇ ವಿಧಿಯ ಹೊಣೆ ಅದಕ್ಕೆ ಅಂಟುವುದಿಲ್ಲ. ಹಾಗೆಂದು ವಿಚಾರಣೆ ಇಲ್ಲವೇ ಹಸ್ತಾಂತರ ಎಂಬ ತತ್ವವೇ ಇಲ್ಲಿ ಅಪರಿಚಿತವೇನಲ್ಲ. ವಿಮಾನ ಅಪಹರಣದ ಹೇಗ್ ಒಪ್ಪಂದವನ್ನು ಒಪ್ಪಿಕೊಂಡು 1982ರಲ್ಲೇ ಕಾಯ್ದೆ ಬಂತು, 2016ರಲ್ಲಿ ಅದರ ಜಾಗದಲ್ಲಿ ಇನ್ನೂ ಬಿಗಿಯಾದುದು. 1960ರ ಜಿನೀವಾ ಒಪ್ಪಂದಗಳ ಕಾಯ್ದೆ, ಯುದ್ಧದಲ್ಲಿ ನಡೆದ ಚಿತ್ರಹಿಂಸೆಯೂ ಸೇರಿದಂತೆ ಘೋರ ಉಲ್ಲಂಘನೆಗಳನ್ನು, ಯಾರು ಎಲ್ಲೇ ಎಸಗಿರಲಿ, ಇಲ್ಲಿ ವಿಚಾರಿಸಬಹುದೆನ್ನುತ್ತದೆ. ಆದರೆ ಸರ್ಕಾರದ ಕಡೆಯಿಂದ ದೂರು ಬಂದರೆ ಮಾತ್ರ. ಹಸ್ತಾಂತರ ಕಾಯ್ದೆಯ 34ಎ ಕಲಮು, ಹಸ್ತಾಂತರಿಸಲಾಗದ ಆರೋಪಿಯ ಮೇಲೆ ಇಲ್ಲೇ ಮೊಕದ್ದಮೆ ಹೂಡಲು ಕೇಂದ್ರ ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ಅದು ಸರ್ಕಾರದ ಇಷ್ಟಕ್ಕೆ ಬಿಟ್ಟದ್ದು, ಕಡ್ಡಾಯವಲ್ಲ. ಯುದ್ಧದ ಹೊರಗೆ ತನ್ನ ದೇಶದ ಲಾಕಪ್ಪಿನಲ್ಲಿ ತನ್ನ ದೇಶದವರನ್ನೇ ಹಿಂಸಿಸಿದ ವಿದೇಶಿ ಅಧಿಕಾರಿಯೊಬ್ಬ ನಾಳೆ ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಸಿಕ್ಕರೆ, ಅವನನ್ನು ಇಲ್ಲಿ ವಿಚಾರಿಸಲು ಹಿಡಿಕೆಯಾಗುವ ಅಪರಾಧ ನಮ್ಮ ದಂಡ ಕಾನೂನಿನಲ್ಲಿಲ್ಲ.

ಸ್ಥಿರೀಕರಿಸದಿರುವುದರಿಂದ ನಷ್ಟ ಭಾರತಕ್ಕೂ ಆಗಿದೆ. 1995ರ ಪುರುಲಿಯಾ ಶಸ್ತ್ರಾಸ್ತ್ರ ಪ್ರಕರಣದ ಆರೋಪಿ ಕಿಮ್ ಡೇವಿಯನ್ನು ಕಳಿಸಿಕೊಡಲು ಡೆನ್ಮಾರ್ಕ್‌ನ ನ್ಯಾಯಾಲಯಗಳು 2011ರಲ್ಲೂ 2024ರಲ್ಲೂ ಒಪ್ಪಲಿಲ್ಲ. ಭಾರತದಲ್ಲಿ ಅವನು ಚಿತ್ರಹಿಂಸೆಗೆ ಗುರಿಯಾಗುವ ಅಪಾಯವಿದೆ ಎಂಬುದೇ ಕಾರಣ. ಹಸ್ತಾಂತರದ ಕೋರಿಕೆಗಳಿಗೆ ಬೀಳುವ ಈ ಪೆಟ್ಟನ್ನು ಕಾನೂನು ಆಯೋಗ 2017ರ ಅಕ್ಟೋಬರ್‌ನ ತನ್ನ 273ನೇ ವರದಿಯಲ್ಲಿ ಎತ್ತಿ ಹೇಳಿ, ಒಡಂಬಡಿಕೆಯನ್ನು ಸ್ಥಿರೀಕರಿಸುವಂತೆ ಶಿಫಾರಸು ಮಾಡಿತು, ಮಸೂದೆಯ ಕರಡನ್ನೂ ಲಗತ್ತಿಸಿತು. ಅದಕ್ಕೂ ಮೊದಲು, 2010ರ ಮೇ ತಿಂಗಳಲ್ಲಿ, ಚಿತ್ರಹಿಂಸೆ ತಡೆ ಮಸೂದೆಯೊಂದು ಲೋಕಸಭೆಯ ಒಪ್ಪಿಗೆ ಪಡೆದಿತ್ತು. ಆರು ತಿಂಗಳೊಳಗೆ ದೂರು ಕೊಡಬೇಕು, ಅಧಿಕಾರಿಯ ಮೇಲೆ ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿ ಬೇಕು ಎಂಬಂಥ ಷರತ್ತುಗಳಿದ್ದ ಸಪ್ಪೆ ಮಸೂದೆ ಅದು. ರಾಜ್ಯಸಭೆಯ ಆಯ್ಕೆ ಸಮಿತಿ ತಿದ್ದುಪಡಿ ಸೂಚಿಸಿದರೂ 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಆ ಸಮಿತಿಯ ಅಧ್ಯಕ್ಷರಾಗಿದ್ದ ಅಶ್ವನಿ ಕುಮಾರ್ ಅವರೇ ಮುಂದೆ ಸುಪ್ರೀಂ ಕೋರ್ಟಿಗೆ ಹೋಗಿ, ಕಾನೂನು ಮಾಡುವಂತೆ ಸರ್ಕಾರಕ್ಕೆ ನಿರ್ದೇಶನ ಕೊಡಿ ಎಂದು ಕೇಳಿದರು. ಕಾನೂನು ಮಾಡುವುದು ಸಂಸತ್ತಿನ ಕೆಲಸ, ಅದಕ್ಕೆ ಆಜ್ಞೆ ಕೊಡಲಾಗದು ಎಂದು ನ್ಯಾಯಾಲಯ 2019ರ ಸೆಪ್ಟೆಂಬರ್‌ನಲ್ಲಿ ಅರ್ಜಿ ತಳ್ಳಿಹಾಕಿತು. 2023ರಲ್ಲಿ ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಾಗ, ತಪ್ಪೊಪ್ಪಿಗೆ ಕಕ್ಕಿಸಲು ಗಾಯಗೊಳಿಸುವ ಅಪರಾಧ 120ನೇ ಕಲಮಿನಲ್ಲಿ ಹಳೆಯ ರೂಪದಲ್ಲೇ ಮುಂದುವರಿಯಿತು. ಚಿತ್ರಹಿಂಸೆಗೆ ಪ್ರತ್ಯೇಕ ವ್ಯಾಖ್ಯೆ ಅದರಲ್ಲಿ ಸೇರಲಿಲ್ಲ.